ಮೊದಲ ಇಡ್ರಿ, ಆಮ್ಯಾಲೆ ಮಾಡ್ರಿ

ಒಂದೇ ಕೈಯಲ್ಲಿ ರಿವಾಲ್ವರ್, ಪಿಸ್ತೂಲ್ ನಿಭಾಯಿಸುವ ಅಭ್ಯಾಸ ಇದು. ನಮ್ಮ ಎಡ ಮಣಿಕಟ್ಟು ಪ್ಲಾಸ್ಟರಿನೊಳಗಿದ್ದ ಆರು ವಾರ ಬಲಗೈಯೊಂದರಲ್ಲೇ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಲಗೈಯನ್ನು ಬೇಕಂತಲೇ ಸೊಂಟದ ಬೆಲ್ಟಿಗೆ ಸಿಗಿಸಿಕೊಂಡು ಇನ್ನಾರು ವಾರ ಎಡಗೈಯೊಂದರಲ್ಲೇ. ಹೀಗೆ ಹನ್ನೆರಡು ಭಾನುವಾರ ಧಾರವಾಡದಲ್ಲಿ ಗುಂಡು ಹಾರಿಸುವ ಅಭ್ಯಾಸದ ರೇಂಜಿನ ಮೇಜಿನ ಮುಂದೆ .32 (ಇಂಚಿನ ಲೆಕ್ಕದ ಗುಂಡಿನಳತೆ) ರಿವಾಲ್ವರ್, .32 ಪಿಸ್ತೂಲ್ ಇಟ್ಟುಕೊಂಡು ಕಲಿತದ್ದು ಇಲ್ಲಿದೆ. ಮೊದಲ ಮೂರು ಭಾನುವಾರ ಒಂದು ಗುಂಡೂ ಹಾರಲಿಲ್ಲ. ತೆರೆಯುವುದು, ಖಾಲಿ ಮಾಡುವುದು, ಖಾಲಿಯಾಗಿದೆಯೇ ಎಂದು ನೋಡುವುದು, ಮತ್ತೆ ಮುಚ್ಚುವುದು, ಇಷ್ಟೇ. ಒಂಟಿಗೈಯಲ್ಲಿ ಗುಂಡು ಹಾರಿಸುವುದೇನೂ ದೊಡ್ಡದಲ್ಲ. ಅದರ ಹಿಂದು ಮುಂದಿನ ಕೆಲಸದಲ್ಲೇ ಅಪಾಯವೆಲ್ಲ ಕೂತಿದೆ.

ಕಾರಣ ಇಷ್ಟು. ಎರಡು ಕೈ ಇದ್ದಾಗ ಒಂದು ಕೈ ಆಯುಧದ ಬಾಯಿಯನ್ನು, ಅಂದರೆ ಗುಂಡು ಹೊರಬೀಳುವ ನಳಿಗೆಯ ತುದಿಯನ್ನು, ಕಾಯುತ್ತದೆ, ಇನ್ನೊಂದು ಕೆಲಸ ಮಾಡುತ್ತದೆ. ಒಂದೇ ಕೈಗೆ ಎರಡನ್ನೂ ಕೊಟ್ಟರೆ ಕಣ್ಣು ಕೆಲಸದ ಕಡೆ ಹೋಗುತ್ತದೆ, ಬಾಯಿ ಮೆಲ್ಲಗೆ ತಿರುಗಿ ನಮ್ಮ ತೊಡೆಗೋ ಪಕ್ಕದವರ ಹೊಟ್ಟೆಗೋ ಮುಖ ಮಾಡುತ್ತದೆ. ನಮ್ಮ ತರಬೇತುದಾರರು ದಿನಕ್ಕೆ ನಲವತ್ತು ಸಲವಾದರೂ ಹೇಳುತ್ತಿದ್ದದ್ದು ಎರಡೇ ಮಾತು. ಒಂದು, "ಬಾಯಿ ಎತ್ತಾಗೈತ್ರಿ?" ಇನ್ನೊಂದು, "ಮೊದಲ ಇಡ್ರಿ, ಆಮ್ಯಾಲೆ ಮಾಡ್ರಿ." ಕೈಗೆ ಬೇರೆ ಕೆಲಸ ಬಂತೆಂದರೆ ಆಯುಧ ಮೇಜಿನ ಮೇಲೆ ಇರಬೇಕು, ಬಾಯಿ ಗುಂಡು ತಡೆಯುವ ಮಣ್ಣಿನ ದಿಬ್ಬದ ಕಡೆಗಿರಬೇಕು, ಅದನ್ನು ಹಿಡಿದಿಡುವ ಕೆಲಸವನ್ನು ಮರಳಿನ ಚೀಲಕ್ಕೆ ವಹಿಸಿರಬೇಕು. ಕಂಕುಳಲ್ಲಿ ಸಿಕ್ಕಿಸಿಕೊಳ್ಳುವುದು, ಹಲ್ಲಲ್ಲಿ ಕಚ್ಚುವುದು, ಪ್ಯಾಂಟಿನ ಸೊಂಟಕ್ಕೆ ತುರುಕುವುದು ಸಿನಿಮಾದವರಿಗೇ ಇರಲಿ.

ಮೇಜಿನ ಸಾಮಾನು ಸರಳ. ಸೊಂಟದೆತ್ತರದ, ಅಲ್ಲಾಡದ ಮೇಜು. ಅದರ ಮೇಲೆ ದಪ್ಪ ರಬ್ಬರ್ ಹಾಸು. ಹಾಸು ಜಾರಿದರೆ ಉಳಿದದ್ದೆಲ್ಲ ವ್ಯರ್ಥ, ಆದ್ದರಿಂದ ನಾಲ್ಕೂ ಮೂಲೆಗೆ ಟೇಪು. ಐದೈದು ಕಿಲೋ ಮರಳು ತುಂಬಿದ ಎರಡು ಉದ್ದನೆಯ ಕ್ಯಾನ್ವಾಸ್ ಚೀಲ. ಚೀಲದ ಬಾಯಿ ಬಿಗಿಯಾಗಿ ಹೊಲಿದಿರಬೇಕು, ಮರಳಿನ ಒಂದು ಕಾಳು ಸಿಲಿಂಡರಿನ (ರಿವಾಲ್ವರಿನಲ್ಲಿ ತೋಟಾ ಹಿಡಿದು ತಿರುಗುವ ಉರುಳೆ) ಸಂದಿಗೆ ಹೋದರೂ ಅದು ತಿರುಗುವಾಗ ಕರಕರ ಎನ್ನುತ್ತದೆ. ಆರು ಡಮ್ಮಿ, ಅಂದರೆ ಮದ್ದಿಲ್ಲದ, ತೋಟಾ. ತೋಟಾ ನಿಲ್ಲಿಸಲು ಆರು ಕುಳಿ ಕೊರೆದ ಒಂದು ಮರದ ತುಂಡು. ಡಬ್ಬಿಯಿಂದ ಒಂದೊಂದೇ ತೋಟಾ ಹೆಕ್ಕುವುದು ಒಂಟಿಗೈಗೆ ಬಹಳ ಕಿರಿಕಿರಿ, ಉರುಳಿ ಕೆಳಗೆ ಬಿದ್ದದ್ದನ್ನು ಹುಡುಕಲು ಬಗ್ಗಿದರೆ ಆಯುಧದ ಮೇಲಿನ ಕಣ್ಣು ತಪ್ಪುತ್ತದೆ. ಚೇಂಬರಿಗೆ, ಅಂದರೆ ತೋಟಾ ಕೂರುವ ಗೂಡಿಗೆ, ಸಿಗಿಸಲು ಕೆಂಪು ಪ್ಲಾಸ್ಟಿಕ್ ಕಡ್ಡಿ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಮಫ್ ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು, ಸ್ಪಂಜಿನ ಬಿರಡೆಯನ್ನು ಸರಿಯಾಗಿ ಹಾಕಲಾಗದು. ಅದಕ್ಕೆ ಒಂದು ಕೈ ಕಿವಿ ಎಳೆದು ಹಿಡಿಯಬೇಕು.

ಮನೆಯಲ್ಲಿ ಅಭ್ಯಾಸ ಮಾಡುವವರು ನಿಜವಾದ ತೋಟಾ ಇರುವ ಕೋಣೆಯಲ್ಲೇ ಡಮ್ಮಿ ತೆಗೆಯಬಾರದು. ಬೆರಳು ಚುರುಕಿಲ್ಲದ ಕೈಗೆ ಎರಡರ ತೂಕದ ವ್ಯತ್ಯಾಸ ಗೊತ್ತಾಗುವುದಿಲ್ಲ.

ರಿವಾಲ್ವರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆ ಲೈಸೆನ್ಸಿನವರ ಹತ್ತಿರ ಹೆಚ್ಚಾಗಿ ಕಾಣುವುದು ಅದೇ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ಬ್ರಿಟಿಷ್ ರಿವಾಲ್ವರ್ ವೆಬ್ಲಿಯ ವಂಶದ್ದು. ಸಿಲಿಂಡರ್ ಪಕ್ಕಕ್ಕೆ ಹೊರಬರುವುದಿಲ್ಲ. ಹಿಂಭಾಗದ ಮೇಲಿನ ಕೊಂಡಿ ಒತ್ತಿದರೆ ಇಡೀ ಆಯುಧ ನಡುವೆ ಮುರಿದಂತೆ ತೆರೆದುಕೊಂಡು ನಳಿಗೆ ಕೆಳಗೆ ಬಾಗುತ್ತದೆ. ಬಾಗುವಾಗಲೇ ನಕ್ಷತ್ರದಾಕಾರದ ಎಕ್ಸ್‌ಟ್ರಾಕ್ಟರ್ ಮೇಲೆದ್ದು ಆರೂ ತೋಟಾಗಳನ್ನು ಒಟ್ಟಿಗೆ ಎತ್ತುತ್ತದೆ, ಪೂರ್ತಿ ತೆರೆದಾಗ ತಾನಾಗಿ ಒಳಗೆ ಕೂರುತ್ತದೆ. ಒಂಟಿಗೈಯವರಿಗೆ ಇದು ವರ ಎಂದೇ ಹೇಳಬೇಕು. ಪಕ್ಕಕ್ಕೆ ತೆರೆಯುವ ರಿವಾಲ್ವರಿನಲ್ಲಿ ಸಿಲಿಂಡರ್ ನೂಕುವುದು ಒಂದು ಕೆಲಸ, ಸಿಲಿಂಡರಿನ ಮುಂದಿನ ಕಡ್ಡಿ ಒತ್ತಿ ಖಾಲಿ ಮಾಡುವುದು ಇನ್ನೊಂದು. ಇಲ್ಲಿ ಎರಡೂ ಒಂದೇ ಚಲನೆಯಲ್ಲಿ ಮುಗಿಯುತ್ತವೆ.

ತೆರೆಯುವ ಕ್ರಮ ಹೀಗೆ. ತೋರುಬೆರಳು ಟ್ರಿಗರ್ ಗಾರ್ಡಿನ (ಟ್ರಿಗರಿನ ಸುತ್ತಲಿನ ಬಳೆ) ಹೊರಗೆ, ಚೌಕಟ್ಟಿನ ಉದ್ದಕ್ಕೆ ನೇರವಾಗಿ. ರಿವಾಲ್ವರನ್ನು ಹಾಸಿನ ಮೇಲೆ ಮಗ್ಗುಲಾಗಿ ಮಲಗಿಸಿ: ಬಾಯಿ ದಿಬ್ಬದ ಕಡೆ, ನಳಿಗೆಯ ಮೇಲ್ಮೈ ಎಡಕ್ಕೆ, ಹಿಡಿ ಬಲಕ್ಕೆ. ಎಡಕ್ಕಿರುವ ಮರಳುಚೀಲಕ್ಕೆ ನಳಿಗೆಯ ಮೇಲ್ಮೈ ತಾಗಿ ನಿಲ್ಲಲಿ. ಬಾಯಿ ಮಾತ್ರ ಚೀಲಕ್ಕೆ ತಾಗಬಾರದು, ಚೀಲಕ್ಕಿಂತ ಒಂದೆರಡು ಬೆರಳು ಮುಂದಿರಬೇಕು. ಹೆಬ್ಬೆರಳಿನಿಂದ ಕೊಂಡಿ ಒತ್ತಿ ಹಿಡಿದು, ಹಿಡಿಯನ್ನು ಚೀಲದಿಂದ ದೂರಕ್ಕೆ, ಮುಂದಕ್ಕೆ ತಳ್ಳಿ. ನಳಿಗೆ ಚೀಲಕ್ಕೆ ಆತು ನಿಲ್ಲುವುದರಿಂದ ಆಯುಧ ತೆರೆದುಕೊಳ್ಳುತ್ತದೆ, ಬಾಯಿ ಅಲ್ಲಾಡುವುದಿಲ್ಲ. ಮಣಿಕಟ್ಟನ್ನು ಫಟಾರನೆ ಝಾಡಿಸಿ ತೆರೆಯುವವರನ್ನು ಕಂಡಿದ್ದೇವೆ. ನೋಡಲು ಚೆಂದ, ಆದರೆ ನಾಲ್ಕು ತಿಂಗಳಲ್ಲಿ ಕೀಲು ಸಡಿಲವಾಗುತ್ತದೆ. ಕೀಲು ಸಡಿಲವಾದರೆ ಚೇಂಬರಿಗೂ ನಳಿಗೆಗೂ ನೇರ ತಪ್ಪಿ, ಸೀಸದ ಚೂರು ಸಂದಿಯಿಂದ ಪಕ್ಕಕ್ಕೆ ಸಿಡಿಯತೊಡಗುತ್ತದೆ.

ತೆರೆಯುವಾಗ ಅರ್ಧಕ್ಕೆ ನಿಲ್ಲಿಸಬಾರದು. ನಮಗೆ ಪದೇಪದೇ ಆದ ತಪ್ಪು ಇದೇ. ಎಚ್ಚರಿಕೆಯ ಹೆಸರಲ್ಲಿ ನಿಧಾನ ಮಾಡುತ್ತೇವೆ. ಎಕ್ಸ್‌ಟ್ರಾಕ್ಟರ್ ಎದ್ದು ನಿಂತಾಗ ಒಂದು ಖಾಲಿ ಕೋಶ (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಚಿಪ್ಪು) ಮಾತ್ರ ಅದರ ಅಂಚಿನಿಂದ ಜಾರಿ ಚೇಂಬರಿಗೆ ವಾಪಸ್ ಬೀಳುತ್ತದೆ, ನಕ್ಷತ್ರ ಅದರ ಮೇಲೆ ಬಂದು ಕೂರುತ್ತದೆ. ಆಗ ರಿವಾಲ್ವರ್ ಪೂರ್ತಿ ತೆರೆಯದು, ಪೂರ್ತಿ ಮುಚ್ಚದು. ಎರಡು ಕೈಯವರು ಎಕ್ಸ್‌ಟ್ರಾಕ್ಟರನ್ನು ಬೆರಳಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕೋಶ ತೆಗೆಯುತ್ತಾರೆ. ಒಂಟಿಗೈಯಲ್ಲಾದರೆ ಹಿಡಿಯನ್ನು ಎರಡನೇ ಚೀಲದಿಂದ ಒತ್ತಿಟ್ಟು, ನಕ್ಷತ್ರ ಎದ್ದ ಸ್ಥಿತಿಯಲ್ಲೇ ಆಯುಧ ನಿಲ್ಲುವಂತೆ ಮಾಡಿ, ಒಂದು ಮರದ ಕಡ್ಡಿಯಿಂದ ಕೋಶವನ್ನು ಹೊರಗೆ ಮೀಟಬೇಕು. ಲೋಹದ ಸ್ಕ್ರೂಡ್ರೈವರ್ ಬೇಡ, ನಕ್ಷತ್ರದ ಹಲ್ಲು ಮುಕ್ಕಾದರೆ ಸಿಲಿಂಡರ್ ತಿರುಗುವುದೇ ಹೆಚ್ಚುಕಡಿಮೆಯಾಗುತ್ತದೆ. ತಪ್ಪು ಆಗದಂತೆ ನೋಡಿಕೊಳ್ಳಲು ಇರುವುದು ಒಂದೇ ದಾರಿ: ಒಂದೇ ಎಳೆತದಲ್ಲಿ, ಕೊನೆಯವರೆಗೆ.

ಹಾರಿದ ಕೋಶ ಗಿಡ್ಡ, ಸರಾಗ ಹೊರಬೀಳುತ್ತದೆ. ಹಾರದ ತೋಟಾಕ್ಕೆ ಮುಂದೆ ಗುಂಡು ಇರುವುದರಿಂದ ಉದ್ದ ಹೆಚ್ಚು. ಅರ್ಧ ಎದ್ದು ಮತ್ತೆ ಚೇಂಬರಿಗೆ ಜಾರಬಹುದು. ಆದ್ದರಿಂದ ಶಬ್ದ ಕೇಳಿ ಖಾಲಿಯಾಯಿತು ಎಂದುಕೊಳ್ಳಬಾರದು. ಹೊರಬಿದ್ದದ್ದನ್ನು ಮರದ ತುಂಡಿನ ಕುಳಿಗಳಲ್ಲಿ ನಿಲ್ಲಿಸಿ ಎಣಿಸಬೇಕು. ಆರು ಹೋಗಿದ್ದರೆ ಆರು ಬರಬೇಕು. ಆಮೇಲೆ ಕಿರುಬೆರಳನ್ನು ಆರೂ ಚೇಂಬರುಗಳ ಬಾಯಿಗೆ ಒಂದೊಂದಾಗಿ ತಾಗಿಸಬೇಕು. ಸಂಜೆ ಬೆಳಕಿನಲ್ಲಿ ಕಣ್ಣು ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ.

ತುಂಬುವುದು ಸಲೀಸು. ತೆರೆದ ರಿವಾಲ್ವರಿನ ಹಿಡಿಯನ್ನು ಎರಡು ಚೀಲಗಳ ಸಂದಿಯಲ್ಲಿ ಊರಿದರೆ ಸಿಲಿಂಡರಿನ ಹಿಂಬದಿ ಮೇಲ್ಮುಖವಾಗಿ ನಿಲ್ಲುತ್ತದೆ. ಈಗ ಕೈ ಪೂರ್ತಿ ಬಿಡುವು. ಹಿಡಿ ನಿಂತಿದೆ, ನಳಿಗೆ ದಿಬ್ಬದ ಕಡೆ ಬಾಗಿದೆ. ತೋಟಾ ಒಂದೊಂದಾಗಿ ಇಳಿಸುವುದು. ಮುಚ್ಚಲು ಹಿಡಿಯನ್ನು ಮತ್ತೆ ಕೈಗೆ ತೆಗೆದುಕೊಂಡು, ನಳಿಗೆಯ ತಳಭಾಗವನ್ನು ಚೀಲದ ಮೇಲೆ ಊರಿ, ಹಿಡಿಯನ್ನು ಮೇಲಕ್ಕೆತ್ತಬೇಕು. ಕೊಂಡಿ ಕಟ್ ಎಂದು ಕೂರುತ್ತದೆ. ಕೂತ ಮೇಲೂ ಕೊಂಡಿಯನ್ನು ಕಣ್ಣಿಂದ ನೋಡಿ. ಅರ್ಧ ಕೂತ ಕೊಂಡಿಯಲ್ಲಿ ಹಾರಿಸಿದರೆ ಆಯುಧ ಕೈಯಲ್ಲೇ ತೆರೆದುಕೊಳ್ಳಬಹುದು. ಹಳೆಯ ರಿವಾಲ್ವರ್ ಆಗಿದ್ದು, ಹ್ಯಾಮರಿಗೆ (ತೋಟಾ ಸಿಡಿಸಲು ಬಡಿಯುವ ಹಿಂದಿನ ಸುತ್ತಿಗೆ) ಪೆಟ್ಟು ಬಿದ್ದರೆ ತಡೆಯುವ ವ್ಯವಸ್ಥೆ ಒಳಗಿಲ್ಲದಿದ್ದರೆ, ಐದೇ ತುಂಬಿ ಹ್ಯಾಮರಿನ ಕೆಳಗೆ ಖಾಲಿ ಚೇಂಬರ್ ಇಡುವ ಪದ್ಧತಿ ಒಂಟಿಗೈಯವರಿಗೆ ಎರಡು ಪಟ್ಟು ಮುಖ್ಯ. ಒಂದು ಕೈಯಿಂದ ಆಯುಧ ಬೀಳುವ ಸಂಭವ ಹೆಚ್ಚು. ಬಿದ್ದರೆ ಬೀಳಲಿ, ಹಿಡಿಯಲು ಹೋಗಬಾರದು. ಹಾಗೆ ಹಿಡಿಯಲು ಹೋದ ಬೆರಳು ಸಿಗುವುದು ಟ್ರಿಗರಿಗೇ.

ಎಡಗೈಗೆ ಬಂದಾಗ ಇದೆಲ್ಲ ಕನ್ನಡಿಯಲ್ಲಿ ನೋಡಿದಂತೆ ತಿರುಗುತ್ತದೆ, ಕೊಂಡಿಯೊಂದನ್ನು ಬಿಟ್ಟು. ಕೊಂಡಿಯ ಸನ್ನೆ ಇರುವುದು ಎಡ ಮಗ್ಗುಲಲ್ಲಿ, ಬಲಗೈ ಹೆಬ್ಬೆರಳಿಗೆಂದು. ಎಡಗೈಯಲ್ಲಿ ಹಿಡಿದವರು ತೋರುಬೆರಳನ್ನು ಹಿಂದಕ್ಕೆ ಮಡಚಿ ಅದನ್ನು ಒತ್ತಬೇಕು. ಮೊದಲ ವಾರ ಬೆರಳು ಅಲ್ಲಿಗೆ ಮುಟ್ಟುವುದೇ ಇಲ್ಲ. ಹಿಡಿತ ಸಡಿಲ ಮಾಡಿ ಕೈಯನ್ನು ಮೇಲೆ ಸರಿಸುತ್ತೇವೆ, ಆಯುಧ ಕೈಯೊಳಗೆ ಹೊರಳುತ್ತದೆ. ಅದಕ್ಕೇ ಎಡಗೈ ಅಭ್ಯಾಸದಲ್ಲಿ ರಿವಾಲ್ವರ್ ಗಾಳಿಯಲ್ಲಿರಲೇಬಾರದು. ಮೇಜಿನ ಮೇಲೆ ಮಲಗಿಸಿ, ಹಿಡಿತ ಬಿಟ್ಟು, ಬೆರಳು ಕೂರಿಸಿ, ಮತ್ತೆ ಹಿಡಿದು ತೆರೆಯುವುದು.

ಇನ್ನು ಹ್ಯಾಮರ್. ಹೆಬ್ಬೆರಳಿಂದ ಹ್ಯಾಮರ್ ಎಳೆದು ನಿಲ್ಲಿಸಿದರೆ ಟ್ರಿಗರ್ ಹಗುರವಾಗುತ್ತದೆ ನಿಜ. ಹಾರಿಸದೆ ಅದನ್ನು ಮೆಲ್ಲಗೆ ಇಳಿಸಬೇಕಾದರೆ ಹೆಬ್ಬೆರಳು ಹ್ಯಾಮರ್ ಹಿಡಿದಿರಬೇಕು, ತೋರುಬೆರಳು ಟ್ರಿಗರ್ ಒತ್ತಬೇಕು, ಉಳಿದ ಮೂರು ಬೆರಳು ಆಯುಧದ ಭಾರ ಹೊರಬೇಕು. ಬೆವರಿದ ಹೆಬ್ಬೆರಳು ಜಾರಿತೆಂದರೆ ಗುಂಡು ಹೋಯಿತು. ನಮ್ಮ ತೀರ್ಮಾನ: ಒಂಟಿಗೈಯಲ್ಲಿ ಹ್ಯಾಮರ್ ಎಳೆಯುವುದೇ ಬೇಡ, ಉದ್ದ ಎಳೆತದ ಟ್ರಿಗರಿನಲ್ಲೇ ಹಾರಿಸುವುದು. ಅಪ್ಪಿತಪ್ಪಿ ಎಳೆದಾಗಿದ್ದರೆ ಇಳಿಸಲು ಹೋಗದೆ ಟಾರ್ಗೆಟ್ಟಿಗೇ ಹಾರಿಸಿ ಮುಗಿಸುವುದು. ಒಂದು ತೋಟಾದ ದುಡ್ಡು ಹೋಗುತ್ತದೆ, ಹೋಗಲಿ.

ಪಿಸ್ತೂಲಿನ ಮಾತೇ ಬೇರೆ. ಖಾಲಿ ಮಾಡುವಾಗ ಮೊದಲು ಮ್ಯಾಗಜೀನ್ (ಹಿಡಿಯೊಳಗೆ ಕೂರುವ ತೋಟಾ ಪೆಟ್ಟಿಗೆ), ಆಮೇಲೆ ಚೇಂಬರ್. ಕ್ರಮ ತಿರುವುಮುರುವಾದರೆ ಚೇಂಬರಿನಿಂದ ಒಂದು ತೋಟಾ ತೆಗೆದ ಕ್ಷಣವೇ ಮ್ಯಾಗಜೀನಿನಿಂದ ಇನ್ನೊಂದು ಒಳಹೋಗಿ ಕೂರುತ್ತದೆ. ಹಳೆಯ .32 ಪಿಸ್ತೂಲುಗಳಲ್ಲಿ ಹಲವಕ್ಕೆ ಮ್ಯಾಗಜೀನಿನ ಕೊಂಡಿ ಹಿಡಿಯ ತಳದ ಹಿಂಬದಿಯಲ್ಲಿದೆ. ಅದನ್ನು ಹಿಂದಕ್ಕೆ ಒತ್ತುತ್ತಲೇ ಮ್ಯಾಗಜೀನನ್ನು ಎಳೆಯಬೇಕು, ಅಂದರೆ ಎರಡು ಕೈಯ ಕೆಲಸ. ಒಂಟಿಗೈಯಲ್ಲಿ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಸನ್ನೆ) ಹಾಕಿ, ಪಿಸ್ತೂಲನ್ನು ಬಾಯಿ ದಿಬ್ಬದ ಕಡೆಗಿಟ್ಟು ಎರಡು ಚೀಲಗಳ ನಡುವೆ ಬಿಗಿಯಾಗಿ ಸಿಕ್ಕಿಸಿ, ಹೆಬ್ಬೆರಳಿಂದ ಕೊಂಡಿ ಒತ್ತಿ, ತೋರುಬೆರಳ ಉಗುರಿಂದ ಮ್ಯಾಗಜೀನಿನ ಅಂಚು ಎಳೆಯುವುದು. ಹಿಡಿಯ ಪಕ್ಕದಲ್ಲಿ ಗುಂಡಿ ಇರುವ ಪಿಸ್ತೂಲಾದರೆ ಈ ಪಾಡಿಲ್ಲ.

ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಅದನ್ನು ಹಿಂದಕ್ಕೆಳೆಯುವುದು ನಿಜವಾದ ತೊಡಕು. .32 ಪಿಸ್ತೂಲುಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್; ನಳಿಗೆಗೆ ಬೀಗವಿಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿಯೇ ಬೀಗ. ಹಾಗಾಗಿ ಸಣ್ಣ ಪಿಸ್ತೂಲಿಗೆ ಗಟ್ಟಿ ಸ್ಪ್ರಿಂಗ್. ಬಡಗಿಯಿಂದ ಅಂಚು ಚೂಪಾಗಿರುವ ಒಂದು ಸಾಗುವಾನಿ ಪಟ್ಟಿ ಮಾಡಿಸಿ ಮೇಜಿನ ನಮ್ಮ ಕಡೆಯ ತುದಿಗೆ ಬೋಲ್ಟ್ ಹಾಕಿಸಿದೆವು. ಪಿಸ್ತೂಲನ್ನು ತಲೆಕೆಳಗು ಮಾಡಿ, ಸ್ಲೈಡಿನ ಮೇಲ್ಮೈ ಮೇಜಿಗೆ ಕೂರುವಂತೆ, ಹಿಂದಿನ ಸೈಟ್ (ಗುರಿ ನೋಡುವ ಗುರುತು) ಆ ಪಟ್ಟಿಯ ಅಂಚಿಗೆ ಸಿಗುವಂತೆ ಇಡುವುದು. ಬೆರಳು ಗಾರ್ಡಿನ ಹೊರಗೆ. ಹಿಡಿಯನ್ನು ದಿಬ್ಬದ ಕಡೆಗೆ ನೇರ ತಳ್ಳಿದರೆ ಸೈಟ್ ಪಟ್ಟಿಗೆ ತಡೆದು ಸ್ಲೈಡ್ ನಿಲ್ಲುತ್ತದೆ, ಚೌಕಟ್ಟು ಮುಂದೆ ಹೋಗುತ್ತದೆ, ಚೇಂಬರಿನ ತೋಟಾ ಹೊರಬರುತ್ತದೆ. ತೋಟಾ ಹೊರಬೀಳುವ ಕಿಂಡಿಗೆ ಅಂಗೈ ಅಡ್ಡ ಬರದಂತೆ ನೋಡಿಕೊಳ್ಳಬೇಕು. ಅಡ್ಡ ಬಂದರೆ ತೋಟಾ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಎಲ್ಲ ಪಿಸ್ತೂಲಿಗೂ ಇದು ನಡೆಯದು. ಜೇಬಿಗೆ ಸಿಕ್ಕಿಕೊಳ್ಳಬಾರದೆಂದು ಕೆಲವು ಮಾದರಿಗಳಲ್ಲಿ ಸೈಟನ್ನೇ ತೋಡಿನೊಳಗೆ ಹುದುಗಿಸಿದ್ದಾರೆ, ಕೆಲವಕ್ಕೆ ಸೈಟಿನ ಮುಖ ಇಳಿಜಾರು. ಪಟ್ಟಿಗೆ ಸಿಗುವುದಿಲ್ಲ, ಜಾರುತ್ತದೆ. ಜಾರಿದ ರಭಸಕ್ಕೆ ಬಾಯಿ ತಿರುಗುತ್ತದೆ. ಕೂತು ಮೊಣಕಾಲ ಸಂದಿಯಲ್ಲಿ ಪಿಸ್ತೂಲ್ ಕಚ್ಚಿ ಹಿಡಿದು ಸ್ಲೈಡ್ ಎಳೆಯುವ ಉಪಾಯವನ್ನು ಹಲವರು ಹೇಳುತ್ತಾರೆ. ಡಮ್ಮಿ ಹಾಕಿ ನೋಡಿದೆವು. ಹತ್ತರಲ್ಲಿ ಹತ್ತು ಸಲವೂ ಒಂದಲ್ಲ ಒಂದು ಘಳಿಗೆಯಲ್ಲಿ ಬಾಯಿ ಪಾದದ ಮೇಲೆ ಹಾದುಹೋಯಿತು. ಕೈಬಿಟ್ಟೆವು. ಸೈಟ್ ಸಿಗದ ಪಿಸ್ತೂಲ್ ಒಂಟಿಗೈಯ ಆಯುಧವೇ ಅಲ್ಲ. ಅದನ್ನು ರೇಂಜ್ ಆಫೀಸರ್ ಪಕ್ಕದಲ್ಲಿದ್ದಾಗ ಮಾತ್ರ ಹೊರಗೆ ತೆಗೆಯುವುದು.

ಖಾಲಿಯಾಗಿದೆಯೇ ಎಂದು ನೋಡುವುದರಲ್ಲೂ ಒಂದು ಸೂಕ್ಷ್ಮವಿದೆ. ಸ್ಲೈಡ್ ತೆರೆದು ನಿಲ್ಲಿಸುವ ಸನ್ನೆಯೇ ಹಳೆಯ ಕೆಲವು ಪಿಸ್ತೂಲುಗಳಿಗಿಲ್ಲ. ಅವುಗಳಲ್ಲಿ ಕೆಲವದರಲ್ಲಿ ಖಾಲಿ ಮ್ಯಾಗಜೀನಿನ ತಟ್ಟೆಯೇ ಸ್ಲೈಡನ್ನು ತಡೆದು ನಿಲ್ಲಿಸುತ್ತದೆ, ಮ್ಯಾಗಜೀನ್ ತೆಗೆದ ಕೂಡಲೇ ಸ್ಲೈಡ್ ಮುಚ್ಚಿಕೊಳ್ಳುತ್ತದೆ. ಹಾಗಾಗಿ ತುಂಬಿದ ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ಬೇಕಂತಲೇ ಖಾಲಿ ಮ್ಯಾಗಜೀನೊಂದನ್ನು ಹಾಕಿ ಸ್ಲೈಡ್ ತೆರೆದು ನಿಲ್ಲಿಸಿ, ಚೇಂಬರಿಗೆ ಕಿರುಬೆರಳು ತಾಗಿಸಿ, ಕೆಂಪು ಕಡ್ಡಿ ಇಳಿಸಿ, ಆಮೇಲೆ ಮ್ಯಾಗಜೀನ್ ತೆಗೆಯುವುದು. ಕಡ್ಡಿಯ ಮೇಲೆ ಸ್ಲೈಡ್ ಬಂದು ನಿಲ್ಲುತ್ತದೆ, ದೂರದಿಂದಲೇ ಎಲ್ಲರಿಗೂ ಕಾಣುತ್ತದೆ.

ಹಾರಿಸುವ ಭಾಗಕ್ಕೆ ಬಂದರೆ ಗುರಿಯ ಪಿಸ್ತೂಲ್ ಆಟವೇ ಒಂಟಿಗೈಯದ್ದು. 10 ಮೀಟರ್ ಏರ್ ಪಿಸ್ತೂಲಿನ ನಿಯಮದಲ್ಲಿ ಒಂದೇ ಕೈ, ಮಣಿಕಟ್ಟಿಗೆ ಯಾವ ಆಸರೆಯೂ ಇರಬಾರದು. ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ 500 ಗ್ರಾಮಿಗಿಂತ ಹಗುರವಿರಬಾರದು, ಟಾರ್ಗೆಟ್ಟಿನ ನಡುವಿನ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್. ಹಂಗೇರಿಯ ಕಾರೊಯ್ ಟಾಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಕೆಡಿಸಿಕೊಂಡು, ಎಡಗೈಯಲ್ಲಿ ಕಲಿತು, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಚಿನ್ನ ಗೆದ್ದ. ನಮ್ಮ ಮನೀಶ್ ನರ್ವಾಲ್ ಹುಟ್ಟಿನಿಂದ ಬಲಗೈ ಊನವಿದ್ದವರು, ಎಡಗೈಯಲ್ಲಿ ಹಾರಿಸಿ ಟೋಕಿಯೊ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಪಿಸ್ತೂಲ್ ಚಿನ್ನ ತಂದರು. ಕಲಿಯುವವರು ಏರ್ ಪಿಸ್ತೂಲಿನಿಂದ ಶುರುಮಾಡುವುದು ಒಳ್ಳೆಯದು. 4.5 ಮಿಲಿಮೀಟರ್ ಗಾತ್ರದ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ, ಛರ‍್ರೆ ಅಗ್ಗ, ಸದ್ದು ಕಡಿಮೆ.

ನಿಲ್ಲುವುದು ಆಯುಧದ ಕೈಯ ಪಕ್ಕವನ್ನು ಟಾರ್ಗೆಟ್ಟಿಗೆ ತಿರುಗಿಸಿ, ಕಾಲು ಭುಜದಗಲ. ಖಾಲಿ ಕೈ ಜೇಬಿನಲ್ಲಿ ಅಥವಾ ಬೆಲ್ಟಿನಲ್ಲಿ ಸಿಕ್ಕಿರಲಿ. ತೂಗಾಡುವ ಕೈ ಇಡೀ ಮೈಯನ್ನು ತೂಗಿಸುತ್ತದೆ, ಬೆಚ್ಚಿದಾಗ ಬಾಯಿಯ ಮುಂದೆ ಬರುವ ಕೈಯೂ ಅದೇ. ಕಣ್ಣು ಮುಚ್ಚಿ ತೋಳೆತ್ತಿ, ಕಣ್ಣು ತೆರೆದು ನೋಡಿ: ಸೈಟ್ ಪಕ್ಕಕ್ಕಿದ್ದರೆ ತೋಳನ್ನು ಎಳೆಯಬಾರದು, ಪಾದ ಸರಿಸಬೇಕು. ಎರಡು ಕೈಯಲ್ಲಿ ಅಭ್ಯಾಸವಾದವರು ಟ್ರಿಗರ್ ಒತ್ತುವಾಗ ಐದೂ ಬೆರಳು ಒಟ್ಟಿಗೆ ಮುಷ್ಟಿ ಕಟ್ಟುತ್ತವೆ. ಬಲಗೈಯಾದರೆ ಗುಂಡು ಕೆಳಗೆ ಎಡಕ್ಕೆ, ಎಡಗೈಯಾದರೆ ಕೆಳಗೆ ಬಲಕ್ಕೆ. ಕಾಗದದ ಮೇಲೆ ಈ ಗುರುತು ಕಂಡರೆ ಸೈಟ್ ತಿರುಗಿಸಲು ಹೋಗಬೇಡಿ. ಡಮ್ಮಿ ಹಾಕಿ ಮುನ್ಸೈಟಿನ ಮೇಲೆ ಎಂಟಾಣೆ ಬಿಲ್ಲೆ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯುವುದನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿ. ಎತ್ತಿದ ತೋಳು ಹತ್ತು ಸೆಕೆಂಡಿನ ಮೇಲೆ ನಡುಗತೊಡಗುತ್ತದೆ. ಹಾರದಿದ್ದರೆ ಇಳಿಸಿ ಉಸಿರಾಡಿ ಮತ್ತೆ ಎತ್ತುವುದು. ಐದು ಗುಂಡಿಗೊಮ್ಮೆ ಆಯುಧ ಕೆಳಗಿಟ್ಟು ಎರಡು ನಿಮಿಷ ವಿಶ್ರಾಂತಿ. ಎಡಗೈಯ ಮೊದಲ ದಿನ 7 ಮೀಟರಿನಲ್ಲಿ ನಮ್ಮ ಗುಂಡುಗಳು ಒಂದು ಜೋಳದ ರೊಟ್ಟಿಯಗಲ ಹರಡಿದ್ದವು, ಆರನೇ ವಾರಕ್ಕೆ ಅಂಗೈಯಗಲಕ್ಕೆ ಬಂದವು.

ಬಲಗಣ್ಣು ಪ್ರಬಲವಿರುವವರು ಎಡಗೈಯಲ್ಲಿ ಹಿಡಿದಾಗ ಎರಡು ಸೈಟ್ ಕಂಡಂತಾಗುತ್ತದೆ. ಪಿಸ್ತೂಲಿನ ಮೇಲ್ಭಾಗವನ್ನು ಸ್ವಲ್ಪ ಒಳಕ್ಕೆ ವಾಲಿಸಿದರೆ ಸರಿಹೋಗುತ್ತದೆ, ಮಣಿಕಟ್ಟೂ ಗಟ್ಟಿಯಾಗುತ್ತದೆ.

ಮಣಿಕಟ್ಟು ಸಡಿಲವಿದ್ದರೆ ಪಿಸ್ತೂಲ್ ಜಾಮ್ ಆಗುತ್ತದೆ. ಸ್ಲೈಡ್ ಪೂರ್ತಿ ಹಿಂದೆ ಹೋಗಬೇಕಾದರೆ ಚೌಕಟ್ಟು ಅಲ್ಲಾಡದೆ ನಿಲ್ಲಬೇಕು. ಕೈಯೂ ಜೊತೆಗೆ ಹಿಂದೆ ಹೋದರೆ ಸ್ಲೈಡಿನ ವೇಗ ಅಲ್ಲೇ ಕರಗಿ, ಖಾಲಿ ಕೋಶ ಕಿಂಡಿಯಲ್ಲಿ ಒಲೆಯ ಹೊಗೆಗೊಳವೆಯಂತೆ ನೆಟ್ಟಗೆ ನಿಲ್ಲುತ್ತದೆ. ರಿವಾಲ್ವರಿಗೆ ಈ ಕಾಟವಿಲ್ಲ. ಜಾಮ್ ಆದರೆ ಬೆರಳು ಹೊರಗೆ, ಆಯುಧ ಮೇಜಿಗೆ, ಆಮೇಲೆ ಮ್ಯಾಗಜೀನ್, ಆಮೇಲೆ ಪಟ್ಟಿಗೆ ಸೈಟ್ ಸಿಗಿಸಿ ಸ್ಲೈಡ್. ಎಲ್ಲರೂ ಜಾಮ್ ಆದಾಗ ಖಾಲಿ ಕೈ ಎತ್ತಿ ತೋರಿಸುತ್ತಾರೆ. ಒಂಟಿಗೈಯವರು ಬಾಯಿಬಿಟ್ಟೇ ಹೇಳಬೇಕು, ಮಫ್ ಹಾಕಿದವರಿಗೆ ಕೇಳುವಷ್ಟು ಜೋರಾಗಿ. ಇದನ್ನು ಮೊದಲೇ ರೇಂಜ್ ಆಫೀಸರಿಗೆ ತಿಳಿಸಿಟ್ಟಿರಿ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಬಾಯಿ ದಿಬ್ಬದ ಕಡೆಗೇ ಇಟ್ಟು ಮೂವತ್ತು ಸೆಕೆಂಡ್ ಎಣಿಸಬೇಕು, ಹಳೆಯ ತೋಟಾ ತಡವಾಗಿ ಸಿಡಿಯುವುದುಂಟು. ಸದ್ದು ಎಂದಿಗಿಂತ ಮಂದವಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು, ಅದರ ಹಿಂದೆ ಇನ್ನೊಂದು ಹೋದರೆ ನಳಿಗೆ ಒಡೆಯುತ್ತದೆ.

ಧಾರವಾಡದ ಮಳೆಗಾಲದಲ್ಲಿ ಒರೆಸದೆ ಬಿಟ್ಟ ಆಯುಧಕ್ಕೆ ವಾರದೊಳಗೆ ಕಂದು ಚುಕ್ಕೆ ಬರುತ್ತದೆ. ಒಂಟಿಗೈಯವರು ನಳಿಗೆ ಒರೆಸುವ ಕಡ್ಡಿಯನ್ನು ಮೇಜಿಗೆ ಕ್ಲಾಂಪ್ ಮಾಡಿ, ಖಾಲಿ ಮಾಡಿ ತೆರೆದ ರಿವಾಲ್ವರನ್ನೇ ಕಡ್ಡಿಯ ಮೇಲೆ ಹಿಂದೆ ಮುಂದೆ ಆಡಿಸಬೇಕು. ಎಣ್ಣೆ ಎರಡು ಹನಿ ಸಾಕು. ಹಿಡಿಗೆ ಎಣ್ಣೆ ತಾಗಿದರೆ ಸ್ಪಿರಿಟ್ಟಿನಲ್ಲಿ ಒರೆಸಿ, ಜಾರುವ ಹಿಡಿಯನ್ನು ಸಾವರಿಸಲು ಇನ್ನೊಂದು ಕೈ ಇಲ್ಲ. ಚರ್ಮದ ಹೋಲ್ಸ್ಟರಿನೊಳಗೇ ಇಟ್ಟು ಬೀಗ ಹಾಕಬೇಡಿ, ಚರ್ಮ ತೇವ ಹಿಡಿಯುತ್ತದೆ. ಬಾಯಿ ಮೆತ್ತಗಾದ ಹಳೆಯ ಹೋಲ್ಸ್ಟರನ್ನಂತೂ ಬಿಸಾಕುವುದೇ ಲೇಸು. ಇನ್ನೊಂದು ಕೈಯಿಂದ ಅದರ ಬಾಯಿ ಬಿಡಿಸಿ ಹಿಡಿಯಲಾಗದಿದ್ದಾಗ ಮಡಚಿದ ಚರ್ಮ ಟ್ರಿಗರ್ ಗಾರ್ಡಿನೊಳಗೆ ಹೊಕ್ಕು, ಆಯುಧ ಇಳಿಸಿದಂತೆ ಬೆರಳಿನ ಕೆಲಸವನ್ನೇ ಮಾಡುತ್ತದೆ.

ಚುನಾವಣೆ ಘೋಷಣೆಯಾಗಿ ಆಯುಧ ಜಮಾ ಮಾಡಲು ಠಾಣೆಯಿಂದ ಕರೆ ಬಂದಾಗ ಖಾಲಿ ಮಾಡುವ ಕೆಲಸ ಮನೆಯಲ್ಲೇ, ಮರಳುಚೀಲದ ಮುಂದೆಯೇ ಮುಗಿದಿರಬೇಕು. ಠಾಣೆಯ ಮೇಜಿಗೆ ಚೀಲವೂ ಇರುವುದಿಲ್ಲ, ದಿಬ್ಬವೂ ಇರುವುದಿಲ್ಲ, ಎದುರಿಗೆ ರೈಟರ್ ಕೂತಿರುತ್ತಾರೆ. ತೋಟಾ ಎಣಿಸಿ ಬೇರೆ ಡಬ್ಬಿಗೆ ಹಾಕಿ, ಪಿಸ್ತೂಲಾದರೆ ಕೆಂಪು ಕಡ್ಡಿ ಸಿಗಿಸಿ, ರಿವಾಲ್ವರಾದರೆ ತೆರೆದ ಸ್ಥಿತಿಯಲ್ಲೇ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತೇವೆ. ಮೇಜಿನ ಮೇಲೆ ಬಿಚ್ಚಿದ ಕೂಡಲೇ ಆರೂ ತೂತಿನಲ್ಲಿ ಬೆಳಕು ಕಾಣುತ್ತದೆ.